ಜಾಝ್ ಡಾಕ್ಟರೇಟ್ ತಯಾರಿಗೆ ಐ ರಿಯಲ್ ಪ್ರೊ ಆ್ಯಪ್: ಬಳಸಿ ನೋಡಿದವಳ ಅಭಿಪ್ರಾಯ

ಮೊದಲೇ ಹೇಳಿಬಿಡುತ್ತೇನೆ. ಐ ರಿಯಲ್ ಪ್ರೊ ಅಂದರೆ ನಾವು ನುಡಿಸುವಾಗ ಪಕ್ಕವಾದ್ಯ ಒದಗಿಸುವ ಆ್ಯಪ್, ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. ಆದರೆ ಅರ್ಜಿಯ ಜೊತೆ ಕಳಿಸುವ ರೆಕಾರ್ಡಿಂಗ್‌ಗೆ ಮಾತ್ರ ಇದನ್ನು ನೆಚ್ಚಿಕೊಳ್ಳಬೇಡಿ.

ನಾನು ಕಾಸರಗೋಡು ಜಿಲ್ಲೆಯ ಬದಿಯಡ್ಕದವಳು, ಆಲ್ಟೊ ಸ್ಯಾಕ್ಸೋಫೋನ್ ನುಡಿಸುತ್ತೇನೆ. ಮಾಸ್ಟರ್ಸ್ ಮುಗಿಸಿ ಈಗ ಅಮೆರಿಕದಲ್ಲಿ ಜಾಝ್ ಪರ್ಫಾರ್ಮೆನ್ಸ್ ಡಿಎಂಎಗೆ ಅರ್ಜಿ ಹಾಕುತ್ತಿದ್ದೇನೆ. ಡಿಎಂಎ ಅಂದರೆ ನುಡಿಸುವವರ ಡಾಕ್ಟರೇಟ್. ಬರವಣಿಗೆಯೂ ಇರುತ್ತದೆ, ಆದರೆ ಕಛೇರಿಗಳದ್ದೇ ದೊಡ್ಡ ಪಾಲು. ನಮ್ಮ ಕಡೆ ಮದುವೆಯಲ್ಲಿ, ಉತ್ಸವದಲ್ಲಿ ಸ್ಯಾಕ್ಸೋಫೋನ್ ಕೇಳದವರಿಲ್ಲ, ಅಲ್ವಾ? ಜೊತೆಗೆ ಡೋಲು, ತವಿಲ್ ನುಡಿಸುವವರೂ ಬೇಕಾದಷ್ಟು ಜನ ಸಿಗುತ್ತಾರೆ. ಆದರೆ ವಾಕಿಂಗ್ ಬೇಸ್, ಅಂದರೆ ಜಾಝ್‌ನಲ್ಲಿ ಪ್ರತಿ ಬೀಟಿಗೂ ಒಂದೊಂದು ತಗ್ಗು ಸ್ವರ ಹಾಕುತ್ತಾ ಹೋಗುವ ಬೇಸ್, ನುಡಿಸುವವರನ್ನು ಬದಿಯಡ್ಕದಲ್ಲಿ ಎಲ್ಲಿ ಹುಡುಕೋದು? ಹಾಗಾಗಿ ಈ ಆ್ಯಪ್.

ಇದನ್ನು ಮಾಡಿದ ಮಾಸ್ಸಿಮೊ ಬಿಯೋಲ್ಕಾಟಿ ಸ್ವತಃ ಬೇಸ್ ವಾದಕ. ಪರದೆಯ ಮೇಲೆ ಹಾಡಿನ ಕಾರ್ಡ್‌ಗಳು (ಒಟ್ಟಿಗೆ ನುಡಿಯುವ ಸ್ವರಗುಚ್ಛಗಳ ಹೆಸರುಗಳು) ಕಾಣುತ್ತವೆ, ಹಿಂದೆ ಪಿಯಾನೊ, ಬೇಸ್, ಡ್ರಮ್ಸ್ ನುಡಿಯುತ್ತಿರುತ್ತವೆ. ಮೆಲಡಿ ಇರುವುದಿಲ್ಲ, ಅದನ್ನು ನೀವೇ ಕಲಿತಿರಬೇಕು. ಇಂಟರ್ನೆಟ್ ಇಲ್ಲದೆಯೂ ನಡೆಯುತ್ತದೆ, ಮಳೆಗಾಲದಲ್ಲಿ ನಮ್ಮಲ್ಲಿ ಇದು ಸಣ್ಣ ಮಾತಲ್ಲ.

ನನಗೆ ಜಾಸ್ತಿ ಉಪಯೋಗವಾದದ್ದು ಅದರ ಪ್ರಾಕ್ಟೀಸ್ ಸೆಟ್ಟಿಂಗ್. 12 ಬಾರ್ ಬ್ಲೂಸ್ (12 ಆವರ್ತಗಳಲ್ಲಿ ಮುಗಿದು ಮತ್ತೆ ಮೊದಲಾಗುವ ಕಾರ್ಡ್‌ಗಳ ಸುತ್ತು) ಹಾಕಿ, ಪ್ರತಿ ಸುತ್ತಿಗೂ ಶ್ರುತಿ ಒಂದು ಫೋರ್ತ್ (ಸ ಇಂದ ಶುದ್ಧ ಮ ವರೆಗಿನಷ್ಟು) ಮೇಲೆ ಹೋಗುವ ಹಾಗೆ ಇಟ್ಟರೆ 12 ಸುತ್ತಿನಲ್ಲಿ ಎಲ್ಲಾ ಕೀಗಳನ್ನೂ, ಅಂದರೆ ಶ್ರುತಿಗಳನ್ನೂ, ಮುಟ್ಟಿ ಮೊದಲಿನ ಜಾಗಕ್ಕೇ ಬರುತ್ತೀರಿ. ಜೊತೆಗೆ ವೇಗವೂ ಸುತ್ತು ಸುತ್ತಿಗೆ ಸ್ವಲ್ಪ ಸ್ವಲ್ಪ ಏರುವಂತೆ ಇಡಬಹುದು. ಯಾವ ಕೀಯಲ್ಲಿ ಬೆರಳು ತಡವರಿಸುತ್ತದೆ ಅನ್ನೋದು ತಕ್ಷಣ ಗೊತ್ತಾಗುತ್ತದೆ. ಆಲ್ಟೊದಲ್ಲಿ ಸಿ ಅಂತ ಬರೆದದ್ದನ್ನು ನುಡಿಸಿದರೆ ಕೇಳುವುದು ಇ ಫ್ಲಾಟ್, ಹಾಗಾಗಿ ಆಲ್ಟೊದವರು ಇ ಫ್ಲಾಟ್ ವಾದ್ಯ ಅಂತ ಆರಿಸಿಕೊಂಡರೆ ಬಿ ಫ್ಲಾಟ್ ಬ್ಲೂಸ್ ಪರದೆಯಲ್ಲಿ ಜಿ ಆಗಿ ಕಾಣುತ್ತದೆ, ಮನಸ್ಸಿನಲ್ಲೇ ಬದಲಾಯಿಸುವ ತಲೆನೋವಿಲ್ಲ. ಇನ್ನೂ ಕಷ್ಟ ಬೇಕು ಅಂದರೆ ಮಿಕ್ಸರ್‌ನಲ್ಲಿ ಪಿಯಾನೊ ಪೂರ್ತಿ ಇಳಿಸಿ, ಬೇಸ್ ಒಂದನ್ನೇ ಕೇಳುತ್ತಾ ನುಡಿಸಿ. ಕಾರ್ಡ್ ಎಲ್ಲಿ ಬದಲಾಯಿತು ಅಂತ ನಿಮ್ಮ ಸ್ವರಗಳೇ ಹೇಳಬೇಕಾಗುತ್ತದೆ. ಈ ಅಭ್ಯಾಸದಿಂದ ನನ್ನ ನುಡಿಸಾಣಿಕೆ ನಿಜಕ್ಕೂ ಬದಲಾಗಿದೆ.

ಕೊರತೆಗಳೂ ಇವೆ. ಬಳಕೆದಾರರು ಹಾಕಿದ ಕಾರ್ಡ್‌ಗಳು ಕೆಲವು ಕಡೆ ತಪ್ಪಾಗಿರುತ್ತವೆ, ಹಳೆಯ ರೆಕಾರ್ಡಿಂಗ್ ಕೇಳಿ ಸರಿ ಮಾಡಿಕೊಳ್ಳಿ. ಬ್ಲೂಟೂತ್ ಬೇಡ, ಶಬ್ದ ತಡವಾಗಿ ಬಂದು ಪರದೆಯ ಕಾರ್ಡ್‌ಗೆ ಹೊಂದುವುದಿಲ್ಲ, ವೈರ್ ಇರುವ ಹೆಡ್‌ಫೋನೇ ಸರಿ.

ದೊಡ್ಡ ಕೊರತೆ ಬೇರೆಯೇ ಇದೆ. ಆ್ಯಪ್ ನಿಮ್ಮನ್ನು ಕೇಳಿಸಿಕೊಳ್ಳುವುದಿಲ್ಲ. ನೀವು ಸುಮ್ನೆ ನಿಂತರೂ, ಜೋರು ಮಾಡಿದರೂ ಅದು ತನ್ನ ಪಾಡಿಗೆ ಹೋಗುತ್ತಿರುತ್ತದೆ. ಡಾಕ್ಟರೇಟ್ ಆಯ್ಕೆಗೆ ಕೂತವರು ಬೆರಳಿನ ವೇಗವನ್ನಷ್ಟೇ ನೋಡುವುದಿಲ್ಲ, ಡ್ರಮ್ಮರ್ ಏನೋ ಹೊಸದು ಮಾಡಿದಾಗ ನೀವೇನು ಮಾಡಿದಿರಿ ಅಂತಲೂ ಕೇಳಿಸಿಕೊಳ್ಳುತ್ತಾರೆ. ಅದಕ್ಕೇ ಹಲವು ಕಡೆ ಮೊದಲ ಸುತ್ತಿನ ರೆಕಾರ್ಡಿಂಗ್‌ಗೂ ಜೀವಂತ ಬ್ಯಾಂಡ್ ಇದ್ದರೆ ಒಳ್ಳೆಯದು ಅನ್ನುತ್ತಾರೆ. ನಮ್ಮ ಕದ್ರಿ ಗೋಪಾಲನಾಥರು 1980ರಲ್ಲಿ ಮುಂಬೈ ಜಾಝ್ ಉತ್ಸವದಲ್ಲಿ ನುಡಿಸಿದ್ದನ್ನು ಕೇಳಿ ಅಮೆರಿಕದ ಸ್ಯಾಕ್ಸೋಫೋನ್ ವಾದಕ ಜಾನ್ ಹ್ಯಾಂಡಿ ತಾವೇ ಬಂದು ಜೊತೆಗೆ ನುಡಿಸಿದರು. ಒಬ್ಬರು ಕರ್ನಾಟಕ ಸಂಗೀತದವರು, ಇನ್ನೊಬ್ಬರು ಜಾಝ್‌ನವರು, ಆದರೂ ಕೂಡಿ ಬಂತು. ಇಬ್ಬರೂ ಒಬ್ಬರನ್ನೊಬ್ಬರು ಕೇಳಿಸಿಕೊಂಡದ್ದರಿಂದಲೇ ಅಲ್ವಾ?

ನಾನು ರೆಕಾರ್ಡಿಂಗ್‌ಗೆ ಮಂಗಳೂರಿನಲ್ಲಿ ಚರ್ಚ್ ಬ್ಯಾಂಡಿನ ಕೀಬೋರ್ಡ್ ಮತ್ತು ಡ್ರಮ್ಸ್‌ನವರನ್ನು ಒಪ್ಪಿಸಿದ್ದೇನೆ. ಆ್ಯಪ್‌ನಲ್ಲಿ ಇರುವ ಕಾರ್ಡ್ ಶೀಟನ್ನು ಪಿಡಿಎಫ್ ಮಾಡಿ ಮೊದಲೇ ಕಳಿಸಿದ್ದರಿಂದ ಅವರಿಗೂ ಸುಲಭವಾಯಿತು. ಬೇಸ್ ಮಾತ್ರ ಇನ್ನೂ ಸಿಕ್ಕಿಲ್ಲ. ಕುಂಬಳೆ, ಉಪ್ಪಳ, ಮಂಜೇಶ್ವರ ಕಡೆ ಯಾರಾದರೂ ಬೇಸ್ ಗಿಟಾರ್ ನುಡಿಸುವವರಿದ್ದರೆ ದಯವಿಟ್ಟು ತಿಳಿಸಿ. ಸ್ವಿಂಗ್ (ಜಾಝ್‌ನ ತೂಗುವಂಥ ಲಯ) ಗೊತ್ತಿಲ್ಲದಿದ್ದರೂ ಪರವಾಗಿಲ್ಲ, ಕೂತು ಕಲಿಯೋಣ.