ಹೈಸ್ಪೀಡ್ ರೈಲು ಸ್ಟೇಷನ್: ಊರೊಳಗಾ, ಹೊಲದ ನಡುವೆನಾ?

ಚೆನ್ನೈ-ಬೆಂಗಳೂರು-ಮೈಸೂರು ಹೈಸ್ಪೀಡ್ ರೈಲಿನ ಮಾತು ಬಂದಾಗೆಲ್ಲ ಎಲ್ರೂ ಸ್ಪೀಡ್ ಎಷ್ಟು ಅಂತಾರೆ, ಸ್ಟೇಷನ್ ಎಲ್ಲಿ ಅಂತ ಕೇಳೋರು ಕಮ್ಮಿ, ಆದ್ರೆ ಊರು ಬೆಳೆಯೋದು ಬಿಡೋದು ಅದ್ರ ಮೇಲೇ ನಿಂತಿರೋದು. ಫ್ರಾನ್ಸ್‌ನಲ್ಲಿ 1990ರ ದಶಕದಲ್ಲಿ ಒಂದೇ ಲೈನ್ ಮೇಲೆ ಶುರುವಾದ ಎರಡು ಸ್ಟೇಷನ್ ನೋಡಿ.

ಒಂದು ಲೀಲ್. ಬಟ್ಟೆ ಮಿಲ್ಲುಗಳು ಮುಚ್ಚಿ ಸೊರಗಿದ್ದ ಊರು. ಲೈನ್ ಊರೊಳಗೇ ಬರ್ಬೇಕು ಅಂತ ಮೇಯರ್ ಪಿಯೇರ್ ಮೊರ್ವಾ ಪಟ್ಟು ಹಿಡಿದ್ರು, ಮೊದ್ಲು ಪ್ರಧಾನಿ ಆಗಿದ್ದೋರು ಬೇರೆ, ಹಾಗಾಗಿ ಮಾತು ನಡೀತು. ಹೊಸ ಸ್ಟೇಷನ್‌ನಿಂದ ಹಳೇ ಸ್ಟೇಷನ್‌ಗೆ ನಡ್ಕೊಂಡೇ ಹೋಗ್ಬಹುದು, ಕೆಳಗೆ ಮೆಟ್ರೋ, ಸುತ್ತ ಯೂರಾಲೀಲ್ ಅನ್ನೋ ಬಡಾವಣೇನೇ ಎದ್ದು ಆಫೀಸು, ಅಂಗಡಿ, ಮನೆ ಎಲ್ಲ ಬಂತು. ಪ್ಯಾರಿಸ್‌ಗೆ ಒಂದೇ ಗಂಟೆ.

ಇನ್ನೊಂದು ಓಟ್-ಪಿಕಾರ್ಡಿ. ಆಮಿಯಾ, ಸೇಂಟ್-ಕ್ವೆಂಟಿನ್ ಎರಡೂ ಊರಿಗೆ ಆಗ್ಲಿ ಅಂತ ಮಧ್ಯದಲ್ಲಿ ಕಟ್ಟಿದ್ರು, ಎರಡಕ್ಕೂ ದೂರಾನೇ ಆಯ್ತು. ಪಕ್ಕದಲ್ಲಿ ಹೆದ್ದಾರಿ ಇದೆ, ಲೋಕಲ್ ರೈಲಿನ ಕನೆಕ್ಷನ್ ಇಲ್ಲ, ಸುತ್ತ ಬರೀ ಬೀಟ್ ಬೆಳೆಯೋ ಹೊಲ, ಹಾಗಾಗಿ ಜನ ಅದಕ್ಕೆ ಬೀಟ್ ಗೆಡ್ಡೆ ಸ್ಟೇಷನ್ ಅಂತಾನೇ ಹೆಸರಿಟ್ರು.

ಊರಾಚೆ ಜಾಗ ಅಗ್ಗ, ಮನೆ ಒಡೆಯೋ ಸಂಕಟಾನೂ ಕಮ್ಮಿ, ಒಪ್ತೀನಿ. ಆದ್ರೆ ಸೂಟ್‌ಕೇಸ್ ಎಳ್ಕೊಂಡು ಇಳಿದೋರಿಗೆ ಎದುರಿಗೇ ಮೆಟ್ರೋನೋ ಬಸ್ಸೋ ಸಿಗದಿದ್ರೆ ನನ್ನ ವೋಟು ಲೀಲ್ ಕಡೆಗೇ.