ಕೋಹಾ ಪುಕ್ಕಟೆ, ಕನ್ನಡದ ಕೆಲಸ ಪುಕ್ಕಟೆಯಲ್ಲ

ಕೋಹಾ ಎಂದರೆ ಮಾವೊರಿ ಭಾಷೆಯಲ್ಲಿ ಕೊಡುಗೆ. ನ್ಯೂಜಿಲೆಂಡಿನ ಹೊರೊವೆನುವಾ ಲೈಬ್ರರಿ ಟ್ರಸ್ಟ್‌ಗೆಂದು 1999ರಲ್ಲಿ ಬರೆದ ಈ ಲೈಬ್ರರಿ ನಿರ್ವಹಣೆಯ ತಂತ್ರಾಂಶ 2000ದ ಜನವರಿಯಲ್ಲಿ ಅಲ್ಲಿ ಬಳಕೆಗೆ ಬಂತು. ಇವತ್ತು ನಮ್ಮ ಕಾಲೇಜು ಲೈಬ್ರರಿಗಳಲ್ಲೂ ಓಡುತ್ತಿದೆ. ಲೈಸೆನ್ಸಿಗೆ ದುಡ್ಡಿಲ್ಲ, ಸಿಬ್ಬಂದಿಗೂ ಓದುಗರಿಗೂ ಬ್ರೌಸರ್ ಒಂದಿದ್ದರೆ ಸಾಕು. ಆದರೆ ಈ ವಿಮರ್ಶೆ ಬರೀ ಇಂಗ್ಲಿಷ್ ಪುಸ್ತಕಗಳಿರುವ ಎಂಜಿನಿಯರಿಂಗ್ ಕಾಲೇಜಿಗಲ್ಲ, ಕಪಾಟಿನ ಮುಕ್ಕಾಲು ಪಾಲು ಕನ್ನಡವೇ ಇರುವ ಲೈಬ್ರರಿಯವರಿಗೆ. ಅಲ್ಲಿ ಕೋಹಾದ ತಕರಾರುಗಳೇ ಬೇರೆ.

ಇನ್‌ಸ್ಟಾಲ್ ಮಾಡುವುದು ಅಂಥ ಕಷ್ಟವೇನಲ್ಲ. ಡೆಬಿಯನ್ ಅಥವಾ ಉಬುಂಟು ಲಿನಕ್ಸ್ ಇರುವ ಸರ್ವರ್, 4 ಜಿಬಿ ರ‍್ಯಾಮ್, ಒಂದು ಎಸ್‌ಎಸ್‌ಡಿ ಇದ್ದರೆ 20 ಸಾವಿರ ಪುಸ್ತಕಗಳ ಲೈಬ್ರರಿಗೆ ನಡೆಯುತ್ತದೆ. ಸಿಬ್ಬಂದಿಯ ಪುಟವನ್ನು 8080 ಪೋರ್ಟಿಗೆ ಕೊಟ್ಟು, ಅಪಾಚೆ ಎಂಬ ವೆಬ್ ಸರ್ವರ್ ತಂತ್ರಾಂಶದ ಪೋರ್ಟ್ ಪಟ್ಟಿಯಲ್ಲಿ 8080 ಸೇರಿಸಲು ಮರೆಯುವುದು ಎಲ್ಲರೂ ಮಾಡುವ ಮೊದಲ ತಪ್ಪು. ಪುಟ ತೆರೆಯುವುದಿಲ್ಲ, ಕೋಹಾವನ್ನೇ ಕಿತ್ತು ಮತ್ತೆ ಹಾಕುವವರಿದ್ದಾರೆ! ಕೋಹಾದ ವೇಗ ಹೆಚ್ಚಿಸುವ ಪ್ಲ್ಯಾಕ್ ಮತ್ತು ಮೆಮ್‌ಕ್ಯಾಶ್ಡ್ ಚಾಲೂ ಮಾಡದಿದ್ದರೆ ಪ್ರತಿ ಕ್ಲಿಕ್ಕಿಗೂ ಕಾಯಬೇಕು. ‘ಎಲ್ಲ ಸದಸ್ಯರು, ಎಲ್ಲ ಬಗೆಯ ಪುಸ್ತಕ’ ಎಂಬ ಒಂದು ಸಾಮಾನ್ಯ ಎರವಲು ನಿಯಮವನ್ನು ಮೊದಲ ದಿನವೇ ಬರೆದಿಡಿ. ಇಲ್ಲದಿದ್ದರೆ ಕೌಂಟರಿನಲ್ಲಿ ನಿಯಮವೇ ಇಲ್ಲ ಎಂಬ ಸಂದೇಶ ಬರುತ್ತದೆ.

ಅಸಲಿ ಪರೀಕ್ಷೆ ಹುಡುಕಾಟದಲ್ಲಿ. ಕೋಹಾದೊಳಗೆ ಸಾಮಾನ್ಯವಾಗಿ ಹುಡುಕಿಕೊಡುವುದು ಜೀಬ್ರಾ ಎಂಬ ಇಂಡೆಕ್ಸಿಂಗ್ ಎಂಜಿನ್. ಅದರ ಮೂಲ ಸೆಟ್ಟಿಂಗ್ ಲ್ಯಾಟಿನ್ ಅಕ್ಷರಗಳನ್ನು ಮನಸ್ಸಿನಲ್ಲಿಟ್ಟುಕೊಂಡದ್ದು, ಕನ್ನಡದ ಕಾಗುಣಿತ ಅದರ ಕೈಗೆ ಸಿಕ್ಕರೆ ಚಿಂದಿ. ಜೀಬ್ರಾದ ಇಂಡೆಕ್ಸ್ ಕಡತದಲ್ಲಿ ಅಕ್ಷರಪಟ್ಟಿಯ ಸಾಲುಗಳನ್ನು ತೆಗೆದು ಐಸಿಯು (ಯೂನಿಕೋಡ್ ಲಿಪಿಗಳನ್ನು ನಿಭಾಯಿಸುವ ತಂತ್ರಾಂಶ) ಸಾಲುಗಳನ್ನು ಹಾಕಬೇಕು, ಸಿಸ್ಟಂ ಪ್ರಿಫರೆನ್ಸ್‌ನಲ್ಲೂ ಐಸಿಯು ಆಯ್ಕೆ ಒತ್ತಬೇಕು, ಆಮೇಲೆ ಇಡೀ ಇಂಡೆಕ್ಸನ್ನು ಹೊಸದಾಗಿ ಕಟ್ಟಬೇಕು. ಈ ಮೂರರಲ್ಲಿ ಒಂದು ಬಿಟ್ಟರೂ ಪುಸ್ತಕ ದಾಖಲೆಯಲ್ಲಿ ಇರುತ್ತದೆ, ಹುಡುಕಿದರೆ ಸಿಗದೆ ಹೋಗಬಹುದು. ಕೋಹಾ ಹಾಕಿಕೊಡುವ ಏಜೆನ್ಸಿಯವರಿಗೆ ದುಡ್ಡು ಕೊಡುವ ಮುನ್ನ ಹತ್ತು ಕನ್ನಡ ಶೀರ್ಷಿಕೆಗಳನ್ನು ನೀವೇ ಹುಡುಕಿ ನೋಡಿ.

ಇಷ್ಟು ಮಾಡಿದ ಮೇಲೂ ಕೋಹಾಕ್ಕೆ ಕನ್ನಡ ವ್ಯಾಕರಣ ಬರುವುದಿಲ್ಲ. ‘ಕಾಡು’ ಎಂದು ಹುಡುಕಿದರೆ ಶೀರ್ಷಿಕೆಯಲ್ಲಿ ‘ಕಾಡಿನ’ ಎಂದಿರುವ ಪುಸ್ತಕ ಬರುವುದಿಲ್ಲ, ಏಕೆಂದರೆ ‘ಡು’ ಮತ್ತು ‘ಡಿ’ ಬೇರೆ ಬೇರೆ. ಕೊಂಬು ಬಿಟ್ಟು ‘ಕಾಡ*’ ಎಂದು ನಕ್ಷತ್ರ ಹಾಕಿದರೆ ಎರಡೂ ಬರುತ್ತವೆ. ‘ಮರ*’ ಎಂದರೆ ಮಾತ್ರ ಮರದ ಜೊತೆ ಮರಣವೂ ಬರುತ್ತದೆ, ಅದಕ್ಕೆ ಮದ್ದಿಲ್ಲ. ಲೇಖಕರ ಹೆಸರಿನದು ಇನ್ನೊಂದು ಗೋಳು: ಒಬ್ಬರು ಕುವೆಂಪು ಎಂದು ಹುಡುಕಿದರೆ ಇನ್ನೊಬ್ಬರು ಕೆ.ವಿ. ಪುಟ್ಟಪ್ಪ ಎನ್ನುತ್ತಾರೆ. ಹೆಸರಿನ ಅಧಿಕೃತ ರೂಪವನ್ನು ಇಡುವ ಅಥಾರಿಟಿ ದಾಖಲೆಯಲ್ಲಿ ಒಂದನ್ನು 100ರಲ್ಲಿ, ಇನ್ನೊಂದನ್ನು 400ರಲ್ಲಿ (ಇವು ಮಾರ್ಕ್ ಎಂಬ ಲೈಬ್ರರಿ ದಾಖಲೆ ನಮೂನೆಯ ಅಂಕಣ ಸಂಖ್ಯೆಗಳು) ಬರೆದು, ಪರ್ಯಾಯ ಹೆಸರುಗಳನ್ನೂ ಹುಡುಕಾಟಕ್ಕೆ ಸೇರಿಸುವ ಪ್ರಿಫರೆನ್ಸ್ ಒತ್ತಿ, ಮತ್ತೆ ಇಂಡೆಕ್ಸ್ ಕಟ್ಟಿದರೆ ಎರಡೂ ಹೆಸರಿಗೆ ಅವೇ ಪುಸ್ತಕಗಳು ಬರುತ್ತವೆ. ಕಾವ್ಯನಾಮಗಳ ನಾಡಿಗೆ ಕೋಹಾದಲ್ಲಿರುವ ಅತಿ ಉಪಯುಕ್ತ ಸೌಲಭ್ಯ ಇದೇ, ಬಳಸುವವರು ಮಾತ್ರ ಕಡಿಮೆ. ಹಾಗೆಯೇ ಕನ್ನಡ ಶೀರ್ಷಿಕೆಯನ್ನು 245ರಲ್ಲಿ ಬರೆದು ಅದರ ಇಂಗ್ಲಿಷ್ ಲಿಪಿಯ ರೂಪವನ್ನು 246ರಲ್ಲಿ ಕೊಡಿ. ಓದುಗರಲ್ಲಿ ಹೆಚ್ಚಿನವರ ಕೈ ಇಂಗ್ಲಿಷ್ ಕೀಬೋರ್ಡಿನ ಮೇಲೆಯೇ ಇರುತ್ತದೆ.

ಹಳೆಯ ದಾಖಲೆ ತುಂಬುವಾಗ ಅವಸರ ಬೇಡ. ಎಕ್ಸೆಲ್ ಪಟ್ಟಿಯನ್ನು ಮಾರ್ಕ್‌ಎಡಿಟ್‌ನಲ್ಲಿ ಮಾರ್ಕ್ ಕಡತವಾಗಿಸಿ ಕೋಹಾಕ್ಕೆ ಕೊಡುವುದು ರೂಢಿ. ಪಟ್ಟಿ ಹಳೆಯ ನುಡಿ ಅಥವಾ ಬರಹದ ಫಾಂಟಿನಲ್ಲಿದ್ದರೆ ಮೊದಲು ಯೂನಿಕೋಡಿಗೆ ತನ್ನಿ, ಇಲ್ಲದಿದ್ದರೆ ಪರದೆಯ ತುಂಬ ಕಲಸುಮೇಲೋಗರ. ಪರಿವರ್ತಕಗಳು ಅರ್ಧಾಕ್ಷರದ ಕೊನೆಗೆ ಕಣ್ಣಿಗೆ ಕಾಣದ ಒಂದು ಜೋಡಣೆ ತಡೆಯುವ ಚಿಹ್ನೆ ಬಿಟ್ಟು ಹೋಗುವುದುಂಟು. ಆಗ ಹುಡುಕಾಟದ ಫಲಿತಾಂಶದ ಎಡಬದಿಯ ಲೇಖಕರ ಪಟ್ಟಿಯಲ್ಲಿ ಒಬ್ಬನೇ ‘ಕುಮಾರ್’ ಎರಡು ಸಲ ಕಾಣಿಸಿಕೊಳ್ಳುತ್ತಾನೆ, ಎಷ್ಟು ಕಣ್ಣರಳಿಸಿ ನೋಡಿದರೂ ವ್ಯತ್ಯಾಸ ತಿಳಿಯುವುದಿಲ್ಲ. ಪದದ ಕೊನೆಯ ಆ ಚಿಹ್ನೆಗಳನ್ನು ಎಕ್ಸೆಲ್‌ನಲ್ಲೇ ಅಳಿಸಿಬಿಡಿ. ಪ್ರತಿಗಳ ವಿವರ 952ರಲ್ಲಿ ಹೋಗಬೇಕು. ಶಾಖೆಯ ಕೋಡ್ ಕೋಹಾದಲ್ಲಿ ಬರೆದದ್ದಕ್ಕೆ ಅಕ್ಷರಶಃ ಹೊಂದದಿದ್ದರೆ ಪ್ರತಿ ಸೇರುವುದಿಲ್ಲ. ಒಂದೇ ಬಾರ್‌ಕೋಡ್ ಎರಡು ಸಲ ಬಂದರೆ ಎರಡನೆಯದು ಹೊರಗೆ. 00125 ಎಂಬ ಅಕ್ಸೆಶನ್ ಸಂಖ್ಯೆಯನ್ನು ಎಕ್ಸೆಲ್ 125 ಮಾಡಿಬಿಡುತ್ತದೆ, ಆ ಕಾಲಮ್ಮನ್ನು ಮೊದಲೇ ಟೆಕ್ಸ್ಟ್ ಎಂದು ಗುರುತಿಸಿ. ಇಡೀ ಪಟ್ಟಿಗೆ ಕೈಹಾಕುವ ಮುನ್ನ 50 ದಾಖಲೆಗಳನ್ನು ಏರಿಸಿ ನೋಡಿ, ತಪ್ಪಿದ್ದರೆ ಆ ಕಂತನ್ನು ಹಿಂದಕ್ಕೆ ಪಡೆಯಬಹುದು.

ಓದುಗರ ಪುಟದಲ್ಲಿ ಪುಸ್ತಕಕ್ಕೆ ನಕ್ಷತ್ರದ ರೇಟಿಂಗ್ ಕೊಡುವುದು, ಟ್ಯಾಗ್, ಅಭಿಪ್ರಾಯ, ಫೇಸ್‌ಬುಕ್‌ಗೆ ಹಂಚುವ ಗುಂಡಿ, ಪ್ರತಿ ಹುಡುಕಾಟಕ್ಕೂ ಹೊಸ ಸೇರ್ಪಡೆಗಳನ್ನು ತಿಳಿಸುವ ಆರ್‌ಎಸ್‌ಎಸ್, ಎಲ್ಲ ಇವೆ. ಆರ್‌ಎಸ್‌ಎಸ್‌ನಿಂದ ಹೊಸ ಪುಸ್ತಕಗಳ ಪಟ್ಟಿಯನ್ನು ಲೈಬ್ರರಿಯ ವೆಬ್‌ಸೈಟಿಗೆ ಎಳೆದುಕೊಳ್ಳಬಹುದು. ಉಳಿದವು ಇದ್ದರೆ ಇರಲಿ. ಮುಖಪುಟದ ಚಿತ್ರ ಗೂಗಲ್ ಅಥವಾ ಓಪನ್ ಲೈಬ್ರರಿಯಿಂದ ತಾನಾಗಿ ಬರಬೇಕಾದರೆ ಐಎಸ್‌ಬಿಎನ್ ಬೇಕು, ಹಳೆಯ ಕನ್ನಡ ಪುಸ್ತಕಗಳಲ್ಲಿ ಅದೆಲ್ಲಿಂದ ಬರಬೇಕು? ನೀವೇ ಸ್ಕ್ಯಾನ್ ಮಾಡಿ ಜಿಪ್ ಕಡತವಾಗಿ ಏರಿಸಬೇಕು. ಆ ಚಿತ್ರಗಳು ಡೇಟಾಬೇಸಿನೊಳಗೇ ಕೂರುವುದರಿಂದ ಮೊದಲೇ ಕಿರಿದು ಮಾಡಿಕೊಳ್ಳಿ.

ಇ-ಪುಸ್ತಕದ ವಿಷಯದಲ್ಲಿ ಕೋಹಾ ತೀರಾ ಸಪ್ಪೆ. 856ರಲ್ಲಿ ಕೊಂಡಿ ಕೊಡಬಹುದು, ಹಕ್ಕುಸ್ವಾಮ್ಯ ಮುಗಿದ ಪುಸ್ತಕಗಳ ಸ್ಕ್ಯಾನ್ ಪ್ರತಿಗಳಿಗೆ ಇದು ಸಾಕು. 14 ದಿನಕ್ಕೆ ಎರವಲು ಕೊಟ್ಟು ತಾನೇ ಹಿಂಪಡೆಯುವ ವ್ಯವಸ್ಥೆ ಅದರಲ್ಲಿಲ್ಲ. ಓವರ್‌ಡ್ರೈವ್ ಎಂಬ ಇ-ಪುಸ್ತಕ ಎರವಲು ಸೇವೆಯ ಜೋಡಣೆ ಇದೆಯಾದರೂ ಅದರ ಚಂದಾ ಇಲ್ಲದ ತಾಲ್ಲೂಕು ಲೈಬ್ರರಿಗೆ ಅದರಿಂದ ಏನೂ ಆಗಬೇಕಾದ್ದಿಲ್ಲ. ಕೊಂಡಿಗಳು ಸಾಯುತ್ತವೆ, ಅವನ್ನು ಪರೀಕ್ಷಿಸುವ ಸ್ಕ್ರಿಪ್ಟ್ ಕೋಹಾದಲ್ಲೇ ಇದೆ, ತಿಂಗಳಿಗೊಮ್ಮೆ ಓಡಿಸಿ. ಬಾಕಿ ಪುಸ್ತಕದ ನೆನಪೋಲೆಗೆ ಇಮೇಲ್ ಸಲೀಸು. ಎಸ್‌ಎಂಎಸ್ ಆದರೆ ಟೆಲಿಕಾಂ ನಿಯಂತ್ರಕ ಸಂಸ್ಥೆ ಟ್ರಾಯ್ ನಿಯಮದಂತೆ ಒಕ್ಕಣೆಯನ್ನು ಟೆಲಿಕಾಂ ಕಂಪನಿಗಳ ನೋಂದಣಿ ವ್ಯವಸ್ಥೆಯಾದ ಡಿಎಲ್‌ಟಿಯಲ್ಲಿ ನೋಂದಾಯಿಸಬೇಕು, ಕೋಹಾದ ನೋಟಿಸ್ ಅದಕ್ಕೆ ಅಕ್ಷರಶಃ ಹೊಂದಬೇಕು. ಒಂದು ಅಲ್ಪವಿರಾಮ ಹೆಚ್ಚಾದರೂ ಸಂದೇಶ ಹೋಗದೆ ಇರಬಹುದು.

ಕನ್ನಡ ಅನುವಾದ ಅರ್ಧಂಬರ್ಧ. ಗುಂಡಿಯೊಂದು ಕನ್ನಡದಲ್ಲಿ, ಪಕ್ಕದ್ದು ಇಂಗ್ಲಿಷಿನಲ್ಲಿ. ಹೊಸ ಆವೃತ್ತಿ ಆರು ತಿಂಗಳಿಗೊಮ್ಮೆ, ಮೇ ಮತ್ತು ನವೆಂಬರಿನಲ್ಲಿ ಬರುತ್ತದೆ. ಬಂದ ವಾರವೇ ಏರಿಸುವುದು ಬೇಡ, ಒಂದೆರಡು ತಿದ್ದುಪಡಿ ಬಂದ ಮೇಲೆ ಏರಿಸಿ. ಕರೆಂಟು ಹೋಗಿ ಬಂದ ಮೇಲೆ ಹೊಸ ಪುಸ್ತಕ ಹುಡುಕಾಟದಲ್ಲಿ ಕಾಣದಿದ್ದರೆ ಇಂಡೆಕ್ಸರ್ ನಿಂತಿದೆ ಎಂದರ್ಥ, ಅದನ್ನು ಮತ್ತೆ ಚಾಲೂ ಮಾಡಿ. ಕೋಹಾ ದಿನಾ ತಾನೇ ಬ್ಯಾಕಪ್ ತೆಗೆಯುತ್ತದೆ ಎಂದು ನಿಶ್ಚಿಂತರಾಗಿರುವವರು ಎರಡು ಸಂಗತಿ ನೋಡಿಕೊಳ್ಳಬೇಕು: ಮೂಲ ಸೆಟ್ಟಿಂಗ್‌ನಲ್ಲಿ ಅದು ಉಳಿಸಿಕೊಳ್ಳುವುದು ಎರಡು ದಿನದ ಪ್ರತಿಗಳನ್ನು ಮಾತ್ರ, ಇಡುವುದು ಅದೇ ಯಂತ್ರದಲ್ಲಿ. ಡಿಸ್ಕ್ ಹೋದರೆ ಬ್ಯಾಕಪ್ಪೂ ಅದರ ಜೊತೆಯೇ ಹೋಗುತ್ತದೆ. ಆ ಕಡತವನ್ನು ಪ್ರತಿ ರಾತ್ರಿ ಇನ್ನೊಂದು ಕಂಪ್ಯೂಟರಿಗೆ ನಕಲು ಮಾಡುವ ಒಂದು ಸಾಲಿನ ಕ್ರಾನ್ ಆದೇಶವನ್ನು (ನಿಗದಿತ ಹೊತ್ತಿಗೆ ತಾನಾಗಿ ಓಡುವಂಥದ್ದು) ಇನ್‌ಸ್ಟಾಲ್ ಮಾಡಿದ ದಿನವೇ ಬರೆಸಿಕೊಳ್ಳಿ.