ಬೋಲ್ಟ್ ಬಿಚ್ಚೋದೋ, ಪಂಪ್ ಹಾಕೋದೋ: ಕಾರಿನ ಆಯಿಲ್ ನಾನೇ ಬದಲಿಸಿ ನೋಡಿದ್ದು

ನಮ್ಮದು 1.2 ಲೀಟರ್ ಪೆಟ್ರೋಲ್ ಎಂಜಿನ್ನಿನ ಹಳೆಯ ಸ್ವಿಫ್ಟ್. 10,000 ಕಿಲೋಮೀಟರ್ ಅಥವಾ ಒಂದು ವರ್ಷ, ಯಾವುದು ಮೊದಲೋ ಆಗ ಆಯಿಲ್ ಬದಲಿಸಬೇಕು. ನಾವು ವರ್ಷಕ್ಕೆ ಆರೇಳು ಸಾವಿರ ಓಡಿಸಿದರೆ ಹೆಚ್ಚು. ಹಾಗಾಗಿ ನಮಗೆ ವರ್ಷವೇ ಲೆಕ್ಕ. ವಾರಂಟಿ ಮುಗಿದ ಮೇಲೂ ಸರ್ವಿಸ್ ಸೆಂಟರಿಗೇ ಬಿಡುತ್ತಿದ್ದೆ. ಒಂದು ಸಲ ಬರೀ ಆಯಿಲಿಗೆಂದು ಹೋದವನ ಬಿಲ್ಲಿನಲ್ಲಿ ಎಂಜಿನ್ ಫ್ಲಶ್, ಥ್ರಾಟಲ್ ಕ್ಲೀನಿಂಗ್ ಎಲ್ಲ ಸೇರಿತ್ತು. ಕೇಳಿದರೆ 'ರೆಕಮೆಂಡೆಡ್ ಸಾರ್' ಅಂದರು. ಅಲ್ಲಿಗೆ ಸಾಕಾಯಿತು. ಆಮೇಲೆ ಮೂರು ದಾರಿ ನೋಡಿದ್ದೇನೆ: ಮೇಲಿನಿಂದ ಪಂಪ್ ಹಾಕಿ ಹಳೆಯ ಆಯಿಲ್ ಎಳೆಯುವುದು, ಕೆಳಗಿನಿಂದ ಎಂಜಿನ್ನಿನ ತಳದ ಬೋಲ್ಟ್ ಬಿಚ್ಚಿ ಸುರಿಸುವುದು, ಇಲ್ಲವೇ ಬೀದಿ ಕೊನೆಯ ಗ್ಯಾರೇಜು.

ಮೊದಲು ಪಂಪ್ ತಂದೆ. ಮೈಸೂರಿನಲ್ಲಿ ನಮ್ಮದು ಅಪಾರ್ಟ್‌ಮೆಂಟ್. ಬೇಸ್‌ಮೆಂಟಿನಲ್ಲಿ ಅಂಗಾತ ಮಲಗಿ ಕಾರಿನಡಿ ತೂರುವುದು ಬೇಡ ಅನ್ನಿಸಿತ್ತು. ಪಂಪ್ ಅಂದರೆ ಒಂದು ಪ್ಲಾಸ್ಟಿಕ್ ಡಬ್ಬಿ, ಮೇಲೆ ಕೈಯಲ್ಲಿ ಒತ್ತುವ ಹಿಡಿ, ಒಂದು ಸಣ್ಣ ಪೈಪು. ಆಯಿಲ್ ಮಟ್ಟ ನೋಡುವ ಕಡ್ಡಿ, ಅಂದರೆ ಡಿಪ್‌ಸ್ಟಿಕ್, ತೆಗೆದು ಆ ತೂತಿನಲ್ಲಿ ಪೈಪನ್ನು ತಳ ಮುಟ್ಟುವವರೆಗೆ ಇಳಿಸಬೇಕು. ಹತ್ತಿಪ್ಪತ್ತು ಸಲ ಒತ್ತಿದರೆ ಡಬ್ಬಿಯೊಳಗಿನ ಗಾಳಿ ಹೋಗಿ ಆಯಿಲ್ ತಾನಾಗಿ ಮೇಲೆ ಬರುತ್ತದೆ. ಎಂಜಿನ್ ಬೆಚ್ಚಗಿರಬೇಕು. ತಣ್ಣಗಿದ್ದರೆ ಆಯಿಲ್ ಗಟ್ಟಿ, ಅಷ್ಟು ಸಣ್ಣ ಪೈಪಿನಲ್ಲಿ ಹರಿಯುವುದು ತುಂಬಾ ನಿಧಾನ. ಐದು ನಿಮಿಷ ಸ್ಟಾರ್ಟ್ ಮಾಡಿಟ್ಟು, ಆಫ್ ಮಾಡಿ, ಸ್ವಲ್ಪ ಹೊತ್ತು ಬಿಟ್ಟು ಶುರು ಮಾಡಿದೆ. ಅರ್ಧ ಗಂಟೆಯಲ್ಲಿ ಡಬ್ಬಿ ತುಂಬಿತು. ನೆಲಕ್ಕೆ ಒಂದು ಹನಿ ಬೀಳಲಿಲ್ಲ. ಎಷ್ಟು ಸುಲಭ ಅಲ್ವಾ ಅಂತ ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಆಮೇಲೆ ಆಯಿಲಿನ ಕೊಳೆ ಸೋಸುವ ಫಿಲ್ಟರ್ ನೆನಪಾಯಿತು, ಆಯಿಲ್ ಜೊತೆ ಅದನ್ನೂ ಬದಲಿಸಬೇಕು. ಪಂಪ್ ಮಾರುವವರು ಯಾರೂ ಈ ಮಾತು ಎತ್ತುವುದಿಲ್ಲ. ಕೆಲವು ಕಾರುಗಳಲ್ಲಿ ಫಿಲ್ಟರ್ ಎಂಜಿನ್ನಿನ ಮೇಲೇ ಇರುತ್ತದೆ, ಬಾನೆಟ್ ಎತ್ತಿ ಮುಚ್ಚಳ ಬಿಚ್ಚಿದರೆ ಆಯಿತು. ಅಂಥವಕ್ಕೆ ಪಂಪ್ ಹೇಳಿ ಮಾಡಿಸಿದ್ದು. ನಮ್ಮದರಲ್ಲಿ ಅದು ಡಬ್ಬಿಯಂಥ ಫಿಲ್ಟರ್, ಕೈ ಕೆಳಗಿನಿಂದಲೇ ಹೋಗಬೇಕು. ಅಂದರೆ ಯಾವ ಕೆಲಸ ತಪ್ಪಿಸಿಕೊಳ್ಳಲು ದುಡ್ಡು ಕೊಟ್ಟೆನೋ ಅದೇ ಕೆಲಸಕ್ಕೆ ಕಾರಿನಡಿ ಮಲಗಿದೆ. ಫಿಲ್ಟರ್ ಬಿಟ್ಟು ಬರೀ ಆಯಿಲ್ ಬದಲಿಸಬಹುದಿತ್ತು. ಆದರೆ ಸ್ನಾನ ಮಾಡಿ ಕೊಳೆ ಅಂಗಿ ಹಾಕಿಕೊಂಡ ಹಾಗೆ.

ಮರುವರ್ಷ ಪುತ್ತೂರಿನ ಹತ್ತಿರ ಮಾವನ ಮನೆಗೆ ಹೋದಾಗ ಬೋಲ್ಟ್ ದಾರಿ ಹಿಡಿದೆ. ಹಿಂದೆ ಜೀಪಿತ್ತು ಅವರಲ್ಲಿ. ಅದಕ್ಕೆಂದು ತೋಡಿಸಿ, ಕೆಂಪುಕಲ್ಲು ಕಟ್ಟಿಸಿದ ಹೊಂಡ ಅಂಗಳದ ಪಕ್ಕದಲ್ಲಿ ಇನ್ನೂ ಇದೆ. ಕಾರನ್ನು ಅದರ ಮೇಲೆ ನಿಲ್ಲಿಸಿದರೆ ನೆಟ್ಟಗೆ ನಿಂತುಕೊಂಡೇ ಕೆಲಸ. ಜಾಕಿ ಬೇಡ, ಸ್ಟ್ಯಾಂಡ್ ಬೇಡ. (ಹೊಂಡ ಇಲ್ಲದವರು ಬರೀ ಜಾಕಿ ನಂಬಿ ಅಡಿಗೆ ಹೋಗಲೇಬೇಡಿ. ಜಾಕಿ ಜಾರುತ್ತದೆ.) ಕಾರು ಸಮತಟ್ಟಾಗಿ ನಿಲ್ಲುವುದರಿಂದ ಆಯಿಲ್ ಒಂದು ಮೂಲೆಯಲ್ಲಿ ಉಳಿಯುವುದೂ ಇಲ್ಲ.

ಪಂಪನ್ನೂ ಜೊತೆಗೆ ಒಯ್ದಿದ್ದೆ. ಎರಡರಲ್ಲಿ ಯಾವುದು ಪೂರ್ತಿ ಖಾಲಿ ಮಾಡುತ್ತದೆ ನೋಡಬೇಕಿತ್ತು. ಮೊದಲು ಪಂಪ್ ಹಾಕಿ ಬರೀ ಗಾಳಿ ಬರುವವರೆಗೆ ಎಳೆದೆ. 2.6 ಲೀಟರ್ ಬಂತು. ಆಮೇಲೆ ಕೆಳಗೆ ಬಾಂಡ್ಲಿ ಹಿಡಿದು ಚೇಂಬರಿನ (ಎಂಜಿನ್ನಿನ ತಳದಲ್ಲಿ ಆಯಿಲ್ ನಿಲ್ಲುವ ತೊಟ್ಟಿಯ) ಬೋಲ್ಟ್ ಬಿಚ್ಚಿದೆ. ಇನ್ನೂ ಸುಮಾರು 300 ಮಿಲಿ ಸುರಿಯಿತು. ಕೊನೆಕೊನೆಗೆ ಬಂದದ್ದು ಕಾಡಿಗೆಯ ಹಾಗೆ ಕಪ್ಪು. ಎಂಜಿನ್ನಿಗೆ ಫಿಲ್ಟರ್ ಸೇರಿ ಮೂರು ಲೀಟರ್ ಚಿಲ್ಲರೆ ಹಿಡಿಯುತ್ತದೆ. ಅದರಲ್ಲಿ 300 ಮಿಲಿ ಅಂದರೆ ಹತ್ತರಲ್ಲಿ ಒಂದು ಪಾಲು. ಇಷ್ಟು ಹಳೆಯದು ಬೆರೆತರೆ ಎಂಜಿನ್ ಏನೂ ಕೆಡುವುದಿಲ್ಲ. ಆದರೂ ನನಗೆ ಅಲ್ಲಿಗೆ ಉತ್ತರ ಸಿಕ್ಕಿತು.

ಬೋಲ್ಟ್ ದಾರಿಯಲ್ಲಿ ಕಷ್ಟವಿಲ್ಲ ಅಂತಲ್ಲ. ಬೋಲ್ಟ್ ಕೈಗೆ ಬರುವ ಕ್ಷಣ ಬಿಸಿ ಆಯಿಲ್ ಮೊಣಕೈವರೆಗೆ ಇಳಿಯುತ್ತದೆ. ಮತ್ತೆ ಹಾಕುವಾಗ ಮೊದಲು ಬೆರಳಲ್ಲೇ ತಿರುಗಿಸಬೇಕು. ಸೀದಾ ಪಾನಾ ಹಾಕಿ ಅಡ್ಡಾದಿಡ್ಡಿ ಬಿಗಿದರೆ ಚೇಂಬರಿನ ಥ್ರೆಡ್ ಹೋಯಿತು. ವಾಷರ್ ಹೊಸದು ಹಾಕಿ, ಅದಕ್ಕೆ ಉಳಿತಾಯ ಬೇಡ. ನಾನು ಮಾಡಿದ ತಪ್ಪು ಬೇರೆ. ಹಳೆಯ ಫಿಲ್ಟರಿನ ರಬ್ಬರ್ ರಿಂಗ್ ಎಂಜಿನ್ನಿಗೇ ಅಂಟಿಕೊಂಡಿತ್ತು. ನೋಡದೆ ಅದರ ಮೇಲೆಯೇ ಹೊಸದು ಕೂರಿಸಿದೆ. ಸ್ಟಾರ್ಟ್ ಮಾಡಿದ್ದೇ ತಡ, ಹೊಂಡದೊಳಗೆ ಆಯಿಲ್ ಮಳೆ. ಹೊಸ ಆಯಿಲ್, ಅರ್ಧ ಲೀಟರಿನಷ್ಟು. ಈಗ ಹಳೆಯ ಫಿಲ್ಟರ್ ಕೈಗೆ ಬಂದ ತಕ್ಷಣ ರಿಂಗ್ ಅದರಲ್ಲಿ ಇದೆಯಾ ಅಂತ ನೋಡುತ್ತೇನೆ. ಹೊಸ ರಿಂಗಿಗೆ ಒಂದು ಬೆರಳು ಆಯಿಲ್ ಸವರಿ ಕೈಯಲ್ಲೇ ಬಿಗಿಯುತ್ತೇನೆ.

ಗ್ಯಾರೇಜಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಆಯಿಲ್, ಫಿಲ್ಟರ್ ನಾನೇ ಒಯ್ದೆ, ಕೂಲಿ 300 ರೂಪಾಯಿ, ಇಪ್ಪತ್ತು ನಿಮಿಷ. ದುಡ್ಡಿನ ಲೆಕ್ಕ ಹಾಕಿದರೆ ಇದೇ ಅಗ್ಗ. ಪಂಪು, ಪಾನಾ, ಆಲಿಕೆ ಅಂತ ನಾನು ಹಾಕಿದ ಮೂರು ಸಾವಿರ ಹುಟ್ಟಲು ಹತ್ತು ವರ್ಷ ಬೇಕು. ಆದರೆ ಫಿಲ್ಟರನ್ನು ಚೈನ್ ಪಾನಾದಲ್ಲಿ ಎಷ್ಟು ಬಿಗಿದಿದ್ದರೆಂದರೆ, ಮುಂದಿನ ಸಲ ಬಿಚ್ಚುವಾಗ ಅದರ ಮೈಯೇ ನುಗ್ಗಾಯಿತು.

ಹಳೆಯ ಆಯಿಲ್ ಏನು ಮಾಡುವುದು ಅನ್ನುವುದರಲ್ಲೂ ಗ್ಯಾರೇಜೇ ಗೆದ್ದಿತು, ಅದು ಅವರ ತಲೆನೋವು. 2016ರ ನಿಯಮದ ಪ್ರಕಾರ ಅದು ಅಪಾಯಕಾರಿ ತ್ಯಾಜ್ಯ. ಮೋರಿಗೆ ಸುರಿಯುವ ಹಾಗಿಲ್ಲ. ಪುತ್ತೂರಿನಲ್ಲಿ ಕ್ಯಾನ್ ಹಿಡಿದು ನಿಂತಿದ್ದಾಗ ಮಾವ, "ಅದನ್ನು ಬಿಸಾಡ್ಬೇಡಿ ಮಾರಾಯ್ರೇ, ಸೆಂಟ್ರಿಂಗಿನವರು ಹಲಗೆಗೆ ಬಳಿಯುವುದಕ್ಕೆ ಕೇಳ್ತಾರೆ" ಅಂದರು. ನಾನು ಒಪ್ಪಲಿಲ್ಲ. ಹಲಗೆಯಿಂದ ಅದು ಕೊನೆಗೆ ಮಣ್ಣಿಗೇ ಇಳಿಯುತ್ತದೆ, ಅಲ್ಲೇ ಅವರ ಬಾವಿ. ಮೈಸೂರಿಗೆ ತಂದು ಅದೇ ಗ್ಯಾರೇಜಿನ ಬ್ಯಾರಲ್ಲಿಗೆ ಸುರಿದೆ. ಹಳೆ ಆಯಿಲ್ ಕೊಳ್ಳುವವರು ಅಲ್ಲಿಗೆ ಬಂದು ಒಯ್ಯುತ್ತಾರೆ.

ಈಗ ನನ್ನ ಕ್ರಮ ಇಷ್ಟು: ಪುತ್ತೂರಿಗೆ ಹೋಗುವ ಕಾಲವಾದರೆ ಬೋಲ್ಟ್. ಮಳೆಗಾಲದಲ್ಲಿ ಆ ಹೊಂಡದಲ್ಲಿ ಮೊಣಕಾಲುದ್ದ ನೀರು, ಆಗ ಆಯಿಲ್ ಬದಲಿಸುವ ಹೊತ್ತು ಬಂದರೆ ಗ್ಯಾರೇಜು. ಪಂಪನ್ನು ಪಕ್ಕದ ಮನೆಯವರು ಒಯ್ದಿದ್ದಾರೆ. ಅವರ ಕಾರಿನ ಫಿಲ್ಟರ್ ಮೇಲೇ ಇದೆ.